ಕಂಬಳಿಹುಳ ಸುಟ್ಟ ಬೆಳಿಗ್ಗೆ

ಟಿಬೆಟಿನ ಜನ ಮುಂಡಗೋಡದ ಕಾಡಿಗೆ ಬಂದು ಇಳಿದ ಮೇಲಿನ ಎರಡನೆಯ ಮಳೆಗಾಲ ಅದು. ಅವರ ಡೇರೆಗಳ ನಡುವೆ ತಗಡು ಹೊದಿಸಿದ ಎರಡು ಕೋಣೆಯ ದವಾಖಾನೆ ಇತ್ತು. ಮುಂದಿನ ಕೋಣೆಯಲ್ಲಿ ಔಷಧಿ, ಹಿಂದಿನ ಕೋಣೆಯಲ್ಲಿ ನಾನು. ಆಗ ನನಗೆ ಇಪ್ಪತ್ತಾರು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿ ಮುಗಿಸಿ, ಬೇರೆ ಯಾರೂ ಒಪ್ಪದ ಜಾಗ ಅಂತಲೇ ಅದನ್ನು ಕೇಳಿ ಪಡೆದಿದ್ದೆ. ನನ್ನ ಭಾಷೆ ತಿಳಿಯದ ಜನರ ನಡುವೆ ಇದ್ದರೆ ಯಾರೂ ನನ್ನನ್ನು ನೋಡಿ ಅಯ್ಯೋ ಪಾಪ ಅನ್ನುವುದಿಲ್ಲ ಎಂದುಕೊಂಡಿದ್ದೆ.

ಡಾಕ್ಟರರು ಊರಿನಿಂದ ಜೀಪಿನಲ್ಲಿ ವಾರಕ್ಕೆರಡು ಸಲ ಬರುತ್ತಿದ್ದರು, ಸೋಮವಾರ ಮತ್ತು ಗುರುವಾರ. ಉಳಿದ ದಿನ ನಾನೇ. ಅಲ್ಲಿನ ಜನರ ಮಾತನ್ನು ನನಗೆ ಹೇಳಲು ಒಬ್ಬ ದುಭಾಷಿ ಇದ್ದ. ಮೂವತ್ತರ ಆಸುಪಾಸಿನವನು. ಇಲ್ಲಿಗೆ ಬರುವ ಮೊದಲು ಹಿಮಾಲಯದ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಹಿಂದಿ ಕಲಿತಿದ್ದ. ನನ್ನದು ಪರೀಕ್ಷೆಗೆಂದು ಓದಿದ ಹಿಂದಿ. ಅವನ ಹಿಂದಿಗೂ ನನ್ನ ಹಿಂದಿಗೂ ಅಷ್ಟೇನೂ ಹೊಂದಿಕೆ ಇರಲಿಲ್ಲ, ಆದರೂ ಕೆಲಸ ನಡೆಯುತ್ತಿತ್ತು. ಅವನಿಗೆ ಉಳಿದಿದ್ದವಳು ತಾಯಿ ಒಬ್ಬಳೇ. ಎಲ್ಲರೂ ಅವಳನ್ನು ‘ಅಮಾಲಾ’ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅದು ತಾಯಂದಿರನ್ನು ಗೌರವದಿಂದ ಕರೆಯುವ ರೀತಿ. ನಾನೂ ಹಾಗೆಯೇ ಕರೆದೆ.

ಅಮಾಲಾ ದಿನಾ ಬೆಳಿಗ್ಗೆ ಒಂದು ಬಟ್ಟಲು ಉಪ್ಪು ಹಾಕಿದ ಚಹಾ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಳು. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಮೊದಲ ತಿಂಗಳು ಆ ಚಹಾ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ಬೆಳಗೇ ಆಗುತ್ತಿರಲಿಲ್ಲ. ಕೂಲಿಯವರ ಬಾಯಿಂದ ಅವಳು ಒಂದೇ ಒಂದು ಕನ್ನಡ ಪದ ಕಲಿತಿದ್ದಳು: “ಬ್ಯಾಡ.” ಇನ್ನೊಂದು ಬಟ್ಟಲು ಬೇಕೇ ಎಂದು ಕೇಳುವಾಗಲೂ ಬಟ್ಟಲು ತೋರಿಸಿ “ಬ್ಯಾಡ?” ಎನ್ನುತ್ತಿದ್ದಳು.

ಜೂನ್ ತಿಂಗಳ ಮಳೆ ನಾಲ್ಕು ದಿನ ಹೊಡೆದು ಬಿಟ್ಟ ಮೇಲೆ ಮಕ್ಕಳು ಮೈ ಕೆರೆದುಕೊಳ್ಳುತ್ತ ಬರತೊಡಗಿದರು. ಕುತ್ತಿಗೆ, ಕಂಕುಳು, ತೊಡೆಯ ಒಳಭಾಗಗಳಲ್ಲಿ ಸಾಲು ಸಾಲಾಗಿ ಕೆಂಪು ದದ್ದು. ಡಾಕ್ಟರರು ಸೋಮವಾರ ಬಂದರು. ಆವತ್ತು ಕ್ಷಯದ ರೋಗಿಗಳೇ ಬಾಗಿಲಾಚೆಗೂ ನಿಂತಿದ್ದರು. ಇಬ್ಬರು ಮಕ್ಕಳನ್ನು ನೋಡಿ, “ಕಜ್ಜಿ. ಇಷ್ಟು ಮಂದಿ ಒತ್ತಿಕೊಂಡಿರೋ ಜಾಗದಾಗ ಇದು ಬರೋದಽ. ಬಿಸಿನೀರಿನಾಗ ಚೆನ್ನಾಗಿ ತಿಕ್ಕಿ ಗಂಧಕದ ಮುಲಾಮು ಹಚ್ಚರಿ” ಎಂದು ಹೇಳಿ ಹೋದರು.

ನಾನು ಹಾಗೆಯೇ ಮಾಡಿದೆ. ಎರಡು ಹಂಡೆ ನೀರು ಕಾಯಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತೆಂಗಿನ ನಾರಿನಿಂದ ತಿಕ್ಕಿದೆ. ಕಜ್ಜಿಗೆ ಹಾಗೆ ತಿಕ್ಕಬೇಕೆಂದೇ ನಮಗೆ ಕಲಿಸಿದ್ದರು. ಮಕ್ಕಳು ಕಿರುಚಿಕೊಂಡವು. ಕಜ್ಜಿಯ ಮಕ್ಕಳು ಅಳುತ್ತವೆ ನಿಜ, ಆದರೆ ಇದು ಬೇರೆ ಥರದ ಅಳು ಎಂದು ಅನಿಸಿತು. ಅನಿಸಿದರೂ ಕೈ ನಿಲ್ಲಿಸಲಿಲ್ಲ. ಮರುದಿನ ಅದೇ ಮಕ್ಕಳ ಚರ್ಮ ಬಾತು, ದದ್ದು ಒಂದಕ್ಕೊಂದು ಕೂಡಿಕೊಂಡಿತ್ತು. ನನ್ನ ಮುಂಗೈ ಮೇಲೂ ಅಂಥವೇ ಗುಳ್ಳೆ ಎದ್ದಿದ್ದವು.

ಅದನ್ನು ಗುರುತಿಸಿದವರು ಪಾಳಾ ಎಂಬ ಊರಿನ, ಗಾಡಿ ಹೊಡೆಯುವ ಕಾಕಾ. ಕಡಿದ ಕಟ್ಟಿಗೆ ಸಾಗಿಸಲು ಎರಡು ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ವಾರವಿಡೀ ನಮ್ಮಲ್ಲೇ ಇದ್ದು, ಸಂತೆಯ ದಿನ ಊರಿಗೆ ಹೋಗಿ ಬರುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಕಾಲಿಗೆ ಕೊಡಲಿ ತಾಗಿದ ಗಾಯ ತೋರಿಸಲು ಬಂದವರು, ಬೆಂಚಿನ ಮೇಲೆ ಕೂತ ಮಗುವಿನ ಕುತ್ತಿಗೆ ನೋಡಿದರು.

“ಬಾಯಾರ, ಇದು ಕಜ್ಜಿ ಅಲ್ಲರಿ.”

“ಮತ್ತೇನ ಕಾಕಾ?”

“ಬರ್ರಿಲ್ಲೆ, ತೋರಸ್ತೇನಿ.”

ಡೇರೆಗಳ ಹಿಂದೆ ನಾಲ್ಕೈದು ದೊಡ್ಡ ಬೂರುಗದ ಮರಗಳಿದ್ದವು. ಅವನ್ನು ಇನ್ನೂ ಕಡಿದಿರಲಿಲ್ಲ. ಒಂದರ ಬೊಡ್ಡೆಯ ಮೇಲೆ, ನೆಲದಿಂದ ಆಳೆತ್ತರದವರೆಗೆ, ಯಾರೋ ಕರಿಯ ಉಣ್ಣೆಯ ಗೊಂಗಡಿ ಸುತ್ತಿದ ಹಾಗೆ ಕಂಡಿತು. ಹತ್ತಿರ ಹೋದಾಗ ಆ ಗೊಂಗಡಿ ಮಿಸುಕಿತು. ನೂರಾರು ಕಂಬಳಿಹುಳ, ಒಂದರ ಮೈಗೆ ಒಂದು ಒತ್ತಿಕೊಂಡು ಮಲಗಿದ್ದವು. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಹೆಂಗಸರು ಬಟ್ಟೆ ಒಣಹಾಕಿದ್ದರು. ಮಕ್ಕಳ ಅಂಗಿ, ಹೊದಿಕೆ, ಕೂಸಿನ ಚಿಂದಿ ಎಲ್ಲವೂ ಅಲ್ಲೇ.

“ಮುಟ್ಟಬ್ಯಾಡ್ರಿ ಮತ್ತ” ಎಂದರು ಕಾಕಾ. “ಇದರ ಕೂದಲ ಸೂಜಿ ಇದ್ದಂಗ. ಹುಳ ಮೈಮ್ಯಾಲ ಬೀಳಬೇಕಂತಿಲ್ಲ. ಗಾಳಿಗೆ ಹಾರಿ ಅರಿವ್ಯಾಗ ಕೂಡ್ತೈತಿ. ಆ ಅರಿವಿ ತೊಟ್ಟಾವ್ರಿಗೆ ಚುಚ್ಚತೈತಿ. ತಿಕ್ಕಿದ್ರ ಇನ್ನೂ ಒಳಗ ಹೋಗತೈತಿ.”

ಹುಳು ಮೈಮೇಲೆ ಹರಿದರೆ ತಮ್ಮ ಮನೆಯಲ್ಲಿ ತಿಕ್ಕುವುದಿಲ್ಲ, ನಾದಿದ ಹಿಟ್ಟಿನ ಉಂಡೆಯನ್ನು ಮೆಲ್ಲಗೆ ಒತ್ತಿ ಒತ್ತಿ ಎತ್ತುತ್ತಾರೆ, ಕೂದಲು ಹಿಟ್ಟಿಗೆ ಅಂಟಿಕೊಂಡು ಬರುತ್ತವೆ ಎಂದೂ ಹೇಳಿದರು. ನನ್ನ ಬಳಿ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಇತ್ತು. ಮೊದಲು ನನ್ನ ಮುಂಗೈ ಮೇಲೆಯೇ ಅದನ್ನು ಅಂಟಿಸಿ ಕಿತ್ತೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಪಟ್ಟಿಯ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಸಣ್ಣ ಮುಳ್ಳು. ಎರಡು ದಿನ ನಾನು ಆ ಮಕ್ಕಳ ಮೈಗೆ ನಾರು ಹಾಕಿ ತಿಕ್ಕಿ ತಿಕ್ಕಿ ಒಳಗೆ ತೂರಿಸಿದ್ದು ಇದನ್ನೇ.

ಆ ದಿನದಿಂದ ಕ್ರಮ ಬದಲಿಸಿದೆ. ದದ್ದಿನ ಮಗು ಬಂದರೆ ಮೊದಲು ಬಟ್ಟೆ ಬಿಚ್ಚಿಸಿ ಬೇರೆ ಹಂಡೆಯಲ್ಲಿ ಹಾಕುವುದು, ತಿಕ್ಕದೆ ಪಟ್ಟಿ ಒತ್ತಿ ಕೂದಲು ಎತ್ತುವುದು, ಆಮೇಲೆ ಸಾಬೂನಿನ ನೀರು ಸುರಿಯುವುದು, ಕೊನೆಗೆ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್. ಬಟ್ಟೆ ಹಗ್ಗಗಳನ್ನು ಮರದಿಂದ ಬಿಡಿಸಿ ಬಯಲಿನಲ್ಲಿ ಗೂಟ ಹುಗಿದು ಕಟ್ಟಿಸಿದೆ. ನೀರಿನ ಕೊಡಗಳಿಗೆ ಮುಚ್ಚಳ ಬಂತು. ಕಣ್ಣು ಉರಿದರೆ ಉಜ್ಜಬೇಡಿ, ಓಡಿ ಬನ್ನಿ ಎಂದು ದುಭಾಷಿಯಿಂದ ಡೇರೆ ಡೇರೆಗೂ ಹೇಳಿಸಿದೆ. ದದ್ದು ಅರ್ಧಕ್ಕರ್ಧ ಇಳಿಯಿತು. ಪೂರಾ ನಿಲ್ಲಲಿಲ್ಲ. ಮರಗಳು ಡೇರೆಗಳ ತಲೆಯ ಮೇಲೆಯೇ ಇದ್ದವು. ಡೇರೆ ಸರಿಸೋಣವೆಂದರೆ ಆಚೆ ಎಲ್ಲ ಕೆಸರು.

ಗುರುವಾರ ಡಾಕ್ಟರರು ಎಲ್ಲ ಕೇಳಿಸಿಕೊಂಡು, ತಪ್ಪಾಯಿತು ಎಂದು ಒಪ್ಪಿಕೊಂಡು, “ಸುಡಿಸಿಬಿಡ್ರಿ ಹಂಗಾದ್ರ” ಎಂದರು.

ಸುಡುವ ಮಾತನ್ನು ದುಭಾಷಿ ಹಿರಿಯರಿಗೆ ಹೇಳಿದ. ಅವರು ತಮ್ಮಲ್ಲೇ ಬಹಳ ಹೊತ್ತು ಮಾತಾಡಿಕೊಂಡರು. ಆಮೇಲೆ ಅವನು ನನ್ನತ್ತ ತಿರುಗಿ, “ಆಗುವುದಿಲ್ಲವಂತೆ” ಎಂದ. “ಊರು ಬಿಟ್ಟು ಬಂದು, ಬದುಕಿಕೊಂಡಿದ್ದೇವೆ. ಹೊಸ ಜಾಗದಲ್ಲಿ ನೆಲೆ ನಿಲ್ಲುವ ಮೊದಲೇ ಇಷ್ಟು ಜೀವ ಕೊಲ್ಲುವುದು ಬೇಡ ಎನ್ನುತ್ತಾರೆ.”

ನನಗೆ ಸಿಟ್ಟು ಬಂತು. “ಮಕ್ಕಳ ಜೀವದ ಗತಿ?” ಎಂದೆ.

ಆಗ ಅಮಾಲಾ ಎದ್ದು ನಿಂತಳು. ಮಗನ ಮೂಲಕ ಹೇಳಿದಳು: ಎಂಟು ದಿನ ಕೊಡಿ. ಒಂದೊಂದಾಗಿ ಎತ್ತಿ ಹಳ್ಳದ ಆಚೆಯ ಮರಗಳಿಗೆ ಬಿಟ್ಟು ಬರುತ್ತೇನೆ. ಅಲ್ಲಿಯವರೆಗೆ ಬೆಂಕಿ ಹಚ್ಚುವುದಿಲ್ಲವೆಂದು ಮಾತು ಕೊಡಿ. ನಾನು ಆಗಲಿ ಎಂದು ತಲೆ ಆಡಿಸಿದೆ. ಅವಳು ನನ್ನ ಎರಡೂ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ಹಾಲಿನ ಪುಡಿಯ ಖಾಲಿ ಡಬ್ಬಿ ಹಿಡಿದು ಮರದ ಕೆಳಗೆ ನಿಂತಿದ್ದಳು. ಒಂದು ಎಲೆಯಿಂದ ಹುಳುವನ್ನು ಡಬ್ಬಿಗೆ ಸರಿಸಿ, ಡಬ್ಬಿ ತುಂಬಿದ ಮೇಲೆ ಹಳ್ಳ ದಾಟಿ ಹೋಗಿ ಬಿಟ್ಟು ಬರುತ್ತಿದ್ದಳು. ಆ ಮೊದಲ ದಿನ ಬೆರಳುಗಳು ಕೆಂಪಾದವು. ನಾನು ಕಾಕಾನಿಂದ ಬಿದಿರಿನ ಉದ್ದ ಇಕ್ಕಳ ಮಾಡಿಸಿ ಕೊಟ್ಟೆ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿದೆ. ಇಕ್ಕಳದಲ್ಲಿ ಹಿಡಿದರೆ ಹುಳುವಿಗೆ ನೋವಾಗುತ್ತದೆಂದು ಅವಳು ಅದನ್ನು ಅರ್ಧ ದಿನದಲ್ಲೇ ಬಿಟ್ಟಳು. ಮೂರನೆಯ ದಿನ ಮಣಿಕಟ್ಟಿನಿಂದ ಮೊಣಕೈವರೆಗೆ ಬಾವು. ನಾಲ್ಕನೆಯ ದಿನ ಸೋಮವಾರ, ಆದರೆ ಡಾಕ್ಟರರ ಜೀಪು ಬರಲಿಲ್ಲ. ಆವತ್ತು, ಹುಳು ಮುಟ್ಟಿರಲು ಸಾಧ್ಯವೇ ಇಲ್ಲದ ಹೊಟ್ಟೆ, ಬೆನ್ನಿನ ಮೇಲೂ ಉಬ್ಬಿ ಬಿಳಿಚಿಕೊಂಡ ಗಾದರಿಗಳೆದ್ದಿದ್ದವು. ಮೇಲ್ತುಟಿ ಊದಿಕೊಂಡಿತ್ತು. ನನ್ನ ಕನ್ನಡಿಯಲ್ಲಿ ಆ ತುಟಿ ನೋಡಿಕೊಂಡು ಅವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ತುರಿಕೆಯ ಎರಡು ಮಾತ್ರೆ ಕೊಟ್ಟು, ರಜಿಸ್ಟರಿನಲ್ಲಿ ‘ಗಾದರಿ, ಮಾತ್ರೆ ಎರಡು’ ಎಂದು ಬರೆದೆ.

ಆ ಸಾಲನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಬಾವು ಪ್ರತಿ ಸಲ ಹಿಂದಿನದಕ್ಕಿಂತ ಹೆಚ್ಚಾಗುತ್ತಿತ್ತು. ಮುಟ್ಟಿದ ಜಾಗ ಬಿಟ್ಟು ಮೈಯೆಲ್ಲ ಹರಡುತ್ತಿತ್ತು. ತುಟಿಯವರೆಗೆ ಬಂದಿತ್ತು. ಅವಳ ದೇಹ ಆ ಹುಳುವಿನ ಮೇಲೆ ತಿರುಗಿಬಿದ್ದಿದೆ, ಇನ್ನು ಅವಳು ಅದರ ಹತ್ತಿರಕ್ಕೂ ಸುಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ. ತರಬೇತಿಯಲ್ಲಿ ಪೆನಿಸಿಲಿನ್ ಸೂಜಿಯ ವಿಷಯದಲ್ಲಿ ಇದನ್ನೇ ನಮಗೆ ಹತ್ತು ಸಲ ಹೇಳಿದ್ದರು. ಹುಳುವಿಗೂ ಅದೇ ಮಾತು ಸಲ್ಲುತ್ತದೆಂದು ನನಗೆ ಹೊಳೆಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಒಬ್ಬ ಬಾಣಂತಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಒಂದು ಕಣ್ಣು ಮುಚ್ಚಿಹೋಗಿತ್ತು. ರೆಪ್ಪೆ ಬಿಡಿಸಿ ಕಾಯಿಸಿ ಆರಿಸಿದ ಉಪ್ಪುನೀರು ಹನಿಸಿದೆ. ಒಂದು ಕೂದಲು ನೀರಿನೊಡನೆ ಹರಿದು ಬಂತು. ಇನ್ನೊಂದು ಒಳಗೇ ಇದೆಯೋ ಇಲ್ಲವೋ ತಿಳಿಯಲಿಲ್ಲ. ರೇಶನ್ ತರುವ ಶಿಬಿರದ ಲಾರಿಯಲ್ಲಿ ಡಾಕ್ಟರರ ಬಳಿ ಊರಿಗೆ ಕಳಿಸಿದೆ. ಆ ಕೂಸಿನ ಕಣ್ಣು ಉಳಿಯಿತು, ಆದರೆ ಆವತ್ತು ಅದು ಉಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಮರಗಳ ಕಡೆ ಹೋಗಿ ನೋಡಿದೆ. ಅಮಾಲಾ ಐದು ದಿನದಲ್ಲಿ ಖಾಲಿ ಮಾಡಿದ್ದು ಒಂದು ಮರದ ಅರ್ಧ ಬೊಡ್ಡೆ.

ಕಾಕಾ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು.

“ಕಾಕಾ, ನಾಳೆ ಮುಂಜಾನೆ ಸುಟ್ಟಬಿಡೂಣು. ನಾಳೆ ಎಲ್ಲಾರೂ ಪ್ರಾರ್ಥನಿಗೆ ಆ ಕಡೆ ಗುಡಾರಕ್ಕ ಹೋಗ್ತಾರ. ತಿಳಿಯೂದರಾಗ ಮುಗದಿರತೈತಿ.”

ಅವರು ಹುಲ್ಲಿನ ಕಟ್ಟು ಕೆಳಗಿಟ್ಟರು. “ನೀವು ಮುದುಕಿಗೆ ಮಾತ ಕೊಟ್ಟೀರಲ್ಲರಿ.”

“ಕೂಸಿನ ಕಣ್ಣ ಹೋದ್ರ ಯಾರ ಕೊಡ್ತಾರ?”

“ಅದು ಖರೆ. ಆದ್ರ ಬೆಂಕಿ ಬ್ಯಾಡ್ರಿ. ಒಣಾ ಹವಾದಾಗ ಸುಟ್ಟರ ಕೂದಲ ಹೊಗಿ ಕೂಡ ಹಾರ್ತಾವ. ಇನ್ನೊಂದ ಮಳಿ ಬರಲಿ. ಬೊಡ್ಡಿ ತೊಯ್ದಾಗ ಒದ್ದಿ ಗೋಣಿಚೀಲ ತಗೊಂಡು ಉಜ್ಜಿ ಕೆಡವೂಣು, ತಗ್ಗ ತೋಡಿ ಮುಚ್ಚೂಣು.”

“ಮಳಿ ಯಾವಾಗ ಬರತೈತಿ?”

“ಅದನ್ನ ನಾ ಹೆಂಗ ಹೇಳ್ಲಿರಿ.”

“ಹಂಗಾದ್ರ ನಾಳೆ” ಎಂದೆ. ಅವರು ಹುಲ್ಲಿನ ಕಟ್ಟನ್ನು ಮತ್ತೆ ಎತ್ತಿಕೊಂಡರು. ನರ್ಸ್ ಹೇಳಿದ ಮೇಲೆ ಆಯಿತು ಎನ್ನುವ ಕಾಲ ಅದು.

ಮರುದಿನ ಬುಧವಾರ. ಎಂಟು ಗಂಟೆಗೆ ಡೇರೆಗಳು ಖಾಲಿಯಾದವು. ಉದ್ದ ಬಿದಿರಿನ ತುದಿಗೆ ಹಳೆಯ ಚಿಂದಿ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ, ಕಾಕಾ ಪಂಜು ಮಾಡಿದರು. ಎಣ್ಣೆಯ ಡಬ್ಬಿ ನನ್ನ ಕೈಯಲ್ಲಿತ್ತು. ಜ್ವಾಲೆ ತಾಗಿದ ಕೂಡಲೇ ಹುಳುಗಳ ಮೈ ಚಟಪಟ ಎಂದಿತು. ಗೊಂಚಲು ಗೊಂಚಲಾಗಿ ಬುಡಕ್ಕೆ ಉದುರಿದವು. ಕೂದಲು ಸುಟ್ಟ ವಾಸನೆ, ಹಳದಿ ಹೊಗೆ. ಮೂರು ಮರ ಮುಗಿಸುವಷ್ಟರಲ್ಲಿ ಗಾಳಿ ತಿರುಗಿತು. ಹೊಗೆ ನೇರ ಡೇರೆಗಳ ಮೇಲೆ, ಅದರಾಚೆ ಪ್ರಾರ್ಥನೆಯ ಗುಡಾರದ ಕಡೆ ಹರಿಯಿತು. ಕಾಕಾ ಪಂಜನ್ನು ನೆಲಕ್ಕೆ ಒತ್ತಿ ಆರಿಸಿದರು. “ಸಾಕ್ರಿ ಬಾಯಾರ” ಎಂದರು. ಅಷ್ಟರಲ್ಲಿ ತಡವಾಗಿತ್ತು.

ಮೊದಲು ಬಂದವಳು ಅಮಾಲಾ. ಓಡಲಾಗದ ವಯಸ್ಸು. ನಡೆದಂತೆಯೂ ಅಲ್ಲ, ಓಡಿದಂತೆಯೂ ಅಲ್ಲ, ಎಡವುತ್ತ ಬಂದಳು. “ಬ್ಯಾಡ! ಬ್ಯಾಡ!” ಎನ್ನುತ್ತಿದ್ದಳು. ನನ್ನನ್ನು ನೋಡಿದಳೋ ಇಲ್ಲವೋ, ಸೀದಾ ಮರದ ಬುಡದಲ್ಲಿ ಮೊಣಕಾಲೂರಿ ಕೂತಳು. ಸೊಂಟಕ್ಕೆ ಕಟ್ಟಿದ್ದ ಪಟ್ಟೆ ಪಟ್ಟೆಯ ಬಟ್ಟೆ ಹರಡಿ, ಅರ್ಧ ಸುಟ್ಟು ಇನ್ನೂ ಹೊರಳಾಡುತ್ತಿದ್ದ ಹುಳುಗಳನ್ನು ಎರಡೂ ಬೊಗಸೆಯಲ್ಲಿ ಬಾಚಿ ಬಾಚಿ ಅದರಲ್ಲಿ ಹಾಕಿಕೊಳ್ಳತೊಡಗಿದಳು. ನಾನು ಹಿಂದಿನಿಂದ ತೋಳು ಹಿಡಿದು ಎಳೆದೆ. ಕೊಡವಿಕೊಂಡಳು. ಆ ಮುದಿ ತೋಳಿನಲ್ಲಿ ಅಷ್ಟು ಕಸುವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಕಾಕಾ ಮತ್ತು ನಾನು ಸೇರಿ ಎಬ್ಬಿಸಿದೆವು.

ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ಅಂಗೈ ಕೆರೆದುಕೊಳ್ಳತೊಡಗಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ವಾಂತಿ ಮಾಡಿದಳು. ಮುಖ ಊದಿತು, ಧ್ವನಿ ಬಿದ್ದುಹೋಯಿತು. ಉಸಿರು ಎಳೆದಾಗ ಎದೆಯಲ್ಲಿ ಸೀಟಿ ಊದಿದ ಹಾಗೆ. ನಾಡಿ ಬೆರಳಿಗೆ ಸಿಗಲೊಲ್ಲದು. ಕಪಾಟಿನಲ್ಲಿ ಅಡ್ರಿನಲಿನ್‌ನ ಒಂದೇ ಒಂದು ಸೀಸೆ ಇತ್ತು. ನನ್ನನ್ನು ಕೇಳದೆ ಕೊಡಬೇಡಿ ಎಂದು ಡಾಕ್ಟರರು ಹೇಳಿದ್ದರು. ಹುಬ್ಬಳ್ಳಿಯಲ್ಲಿ ದಮ್ಮಿನ ರೋಗಿಗಳಿಗೆ ಅದನ್ನು ಕೊಡುವುದನ್ನು ನೋಡಿದ್ದೆ. ಸೀಸೆ ಒಡೆದು ಚುಚ್ಚಿದೆ.

ಹತ್ತು ನಿಮಿಷದಲ್ಲಿ ಸೀಟಿ ನಿಂತಿತು. ತುಟಿಗೆ ಬಣ್ಣ ಬಂತು. ಮಗ ಅಷ್ಟರಲ್ಲಿ ಬಂದಿದ್ದ. ಅವಳು ಎದ್ದು ಕೂತು ನೀರು ಕುಡಿದಳು. ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಹೇಳಲಾರೆ. ನಾನು ಕಣ್ಣು ತಪ್ಪಿಸಿದೆ.

ಹೊರಗೆ ಜನ ಸೇರಿದ್ದರು. ಹೊಗೆಯಲ್ಲಿ ಹಾರಿ ಬಂದ ಕೂದಲಿನಿಂದ ಯಾರದೋ ಕಣ್ಣು, ಯಾರದೋ ಕುತ್ತಿಗೆ, ಯಾರಿಗೋ ಕೆಮ್ಮು. ಕೂರಿಸಲು ಜಾಗವಿಲ್ಲ, ಮಲಗಿಸಲು ಇದ್ದದ್ದು ಒಂದೇ ಬೆಂಚು. ಅಮಾಲಾ ಡೇರೆಗೆ ಹೋಗುತ್ತೇನೆ ಎಂದು ಕೈ ಮಾಡಿದಳು. ಉಸಿರು ಸರಿಯಾಗಿದೆ, ಮಲಗಲಿ ಎಂದು ಕಳಿಸಿಬಿಟ್ಟೆ. ಹುಳು ಹೊತ್ತ ಆ ಬಟ್ಟೆಯನ್ನು ಬದಲಿಸಬೇಕೆಂದೂ ಹೇಳಲಿಲ್ಲ. ಮಧ್ಯಾಹ್ನದವರೆಗೆ ಕಣ್ಣು ತೊಳೆಯುತ್ತ, ಪಟ್ಟಿ ಅಂಟಿಸುತ್ತ ತಲೆ ಎತ್ತಲಿಲ್ಲ.

ಒಂದು ಗಂಟೆಯ ಸುಮಾರಿಗೆ ಮಗ ಬಾಗಿಲಲ್ಲಿ ನಿಂತು, “ಮತ್ತೆ ಶುರುವಾಗಿದೆ” ಎಂದ.

ಇಳಿದ ರೋಗ ಹೀಗೆ ಕೆಲವು ತಾಸಿನ ಮೇಲೆ ತಿರುಗಿ ಬರಬಹುದೆಂದು, ಅಂಥವರನ್ನು ಇಡೀ ದಿನ ಕಣ್ಣ ಮುಂದೆಯೇ ಇಟ್ಟುಕೊಳ್ಳಬೇಕೆಂದು ಡಾಕ್ಟರರು ಮರುದಿನ ಹೇಳಿದರು. ನಾನು ಡೇರೆ ಮುಟ್ಟಿದಾಗ ಅಮಾಲಾಳ ಉಗುರು ನೀಲಿಯಾಗಿತ್ತು. ಕಪಾಟಿನಲ್ಲಿ ಎರಡನೆಯ ಸೀಸೆ ಇರಲಿಲ್ಲ. ಲಾರಿ ರೇಶನ್ ತರಲು ಹೋಗಿತ್ತು. ಕಾಕಾ ಗಾಡಿ ಕಟ್ಟಲು ಓಡಿದರು. ತಲೆದಿಂಬು ಎತ್ತರ ಮಾಡಿ, ಅವಳ ಬೆನ್ನನ್ನು ನನ್ನ ಎದೆಗೆ ಆನಿಸಿಕೊಂಡು ಕೂತೆ. ಅವಳು ಮಗನ ಕಡೆ ತಿರುಗಿ ಒಡೆದ ಧ್ವನಿಯಲ್ಲಿ ಏನೋ ಕೇಳಿದಳು. ಅವನು ಉತ್ತರ ಕೊಟ್ಟ. ಸುತ್ತ ಕೂತ ಹೆಂಗಸರು ಬಾಗಿಲ ಕಡೆ ನೋಡಿದರು. ಅಲ್ಲಿ ಕಾಕಾ, ಗಾಡಿ ತಯಾರಾಗಿದೆ ಎಂದು ಹೇಳಲು ಬಂದು ನಿಂತಿದ್ದರು. ಸ್ವಲ್ಪ ಹೊತ್ತಿನಲ್ಲೇ ಎದೆ ಏಳುವುದು ನಿಂತಿತು.

ಗುರುವಾರ ಬಂದ ಡಾಕ್ಟರರು ಕಾಗದದಲ್ಲಿ ‘ವೃದ್ಧಾಪ್ಯ, ಹೃದಯದ ದೌರ್ಬಲ್ಯ’ ಎಂದು ಬರೆದರು. ನನ್ನನ್ನು ಉಳಿಸಲು ಹಾಗೆ ಬರೆದರೆಂದು ತಿಳಿಯಿತು. ರಜಿಸ್ಟರಿನಲ್ಲೂ ಅದನ್ನೇ ಬರೆದುಕೊಂಡೆ.

ಎರಡು ದಿನವಾದ ಮೇಲೆ ಕಾಕಾ ಗಾಡಿಗೆ ಹಾಸಿಗೆ ಸುತ್ತಿಟ್ಟುಕೊಂಡು ದವಾಖಾನೆಗೆ ಬಂದರು. ಇನ್ನು ಕೆಲಸಕ್ಕೆ ಬರಬೇಡ ಎಂದು ಹಿರಿಯರು ಮೇಸ್ತ್ರಿಯಿಂದ ಹೇಳಿಸಿದ್ದರಂತೆ. ಯಾರೂ ಬೈಯಲಿಲ್ಲ, ಆದರೆ ಗಾಡಿ ಹೋದಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರಂತೆ.

“ಯಾಕ ಕಾಕಾ?”

“ನಾನಽ ಸ್ವಂತ ಬುದ್ಧಿಲೆ ಸುಟ್ಟೆ ಅಂತ ತಿಳಕೊಂಡಾರ್ರಿ.”

ದುಭಾಷಿಯನ್ನು ಕರೆದು ಕೇಳಿದೆ. ಅವನು ಬಾಗಿಲು ಎಳೆದುಕೊಂಡ. ಆಮೇಲೆ ಹೇಳಿದ: “ಅಮ್ಮ ಕೊನೆಗೆ ಕೇಳಿದ್ದು ಒಂದೇ. ಬೆಂಕಿ ಹಚ್ಚಿಸಿದ್ದು ನರ್ಸಾ ಅಂತ. ನಾನು ಇಲ್ಲ ಎಂದೆ, ಗಾಡಿಯವನು ಎಂದೆ. ನಿಮ್ಮ ಎದೆಗೆ ಒರಗಿ ಸಾಯುತ್ತಿದ್ದಳು. ಬೇರೆ ಏನು ಹೇಳಲಿ?”

“ಉಳಿದವರಿಗಾದರೂ ನಿಜ ಹೇಳು” ಎನ್ನಬೇಕಿತ್ತು. ಎನ್ನಲಿಲ್ಲ. ಕಾಕಾನಿಗೆ ವಿಷಯ ತಿಳಿಸಿದಾಗ ಅವರು ನೊಗದ ಹಗ್ಗ ಬಿಗಿಯುತ್ತ, “ಇರಲಿ ಬಿಡ್ರಿ. ನಾ ಎಲ್ಲೆರ ದುಡಕೊಂಡ ತಿಂತೇನಿ. ನಿಮ್ಮ ಮ್ಯಾಲಿನ ನಂಬಿಕಿ ಹ್ವಾದ್ರ ಇವರು ಸೂಜಿ ಯಾರ ಕಡೆ ಮಾಡಿಸ್ಕೊಳ್ತಾರ?” ಎಂದರು. ಅದು ನನಗೆ ಬೇಕಾಗಿದ್ದ ಮಾತೇ ಆಗಿತ್ತು. ಅದನ್ನು ಹಿಡಿದುಕೊಂಡು ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ದಿನಗಳಲ್ಲಿ ಹೆಂಗಸರು ಸರದಿಯಂತೆ ನನಗೆ ಚಹಾ ತಂದುಕೊಟ್ಟರು. ಅಮಾಲಾಳನ್ನು ಉಳಿಸಲು ಒದ್ದಾಡಿದ ನರ್ಸ್ ಎಂದು ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡರು. ಒಂದೊಂದು ಬಟ್ಟಲನ್ನೂ ಕೊನೆಯ ಹನಿಯವರೆಗೆ ಕುಡಿದೆ.

ಅವರಲ್ಲಿ ಸತ್ತವರಿಗೆ ನಲವತ್ತೊಂಬತ್ತು ದಿನ ಪ್ರಾರ್ಥನೆ. ಕೊನೆಯ ದಿನ ನನ್ನನ್ನೂ ಕರೆದು ಮುಂದೆ ಕೂರಿಸಿದರು. ಅಮಾಲಾಳ ಜೊತೆಗೆ ಸುಟ್ಟ ಹುಳುಗಳಿಗೂ ಸೇರಿಸಿ ಪ್ರಾರ್ಥನೆ ಮಾಡುತ್ತಿದ್ದಾರೆ ಎಂದು ಮಗ ಪಿಸುಗುಟ್ಟಿದ. ಅಷ್ಟು ಕೇಳಿದ ಮೇಲೆ ನನಗೆ ಕೂತಿರಲು ಆಗಲಿಲ್ಲ. ಎಲ್ಲ ಮುಗಿದು ಚಹಾ ಹಂಚುವಾಗ ಎದ್ದು ನಿಂತು, ಹಿಂದಿಯಲ್ಲಿ ಹೇಳಿದೆ: “ಬೆಂಕಿ ಹಚ್ಚಿಸಿದ್ದು ನಾನು. ಗಾಡಿಯವರು ಬೇಡವೆಂದೇ ಹೇಳಿದರು. ಅವಳಿಗೆ ಕೊಟ್ಟ ಮಾತು ಮುರಿದೆ. ಅವಳನ್ನು ಡೇರೆಗೆ ಕಳಿಸಿದ್ದೂ ನನ್ನದೇ ತಪ್ಪು.”

ಮಗ ನನ್ನ ಮುಖ ನೋಡಿದ. “ಹೇಳಲೇಬೇಕೇ?” ಎಂದ.

“ಹೇಳು.”

ಅವನು ಹೇಳಿದ. ಯಾರೂ ಕೂಗಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ, ಕೈಲಿದ್ದ ಚಹಾದ ಕೆಟಲಿಯನ್ನು ಎತ್ತಿಕೊಂಡು ಮೆಲ್ಲಗೆ ಆಚೆ ಸರಿದಳು. ಅವನು ನಿಜವನ್ನೇ ಹೇಳಿದ್ದಾನೆಂದು ಅದರಿಂದ ಗೊತ್ತಾಯಿತು. ಕೊನೆಗೆ ಹಿರಿಯರೊಬ್ಬರು ಎರಡು ಮಾತಾಡಿದರು. ಮಗ ತಿಳಿಸಿದ: “ಗಾಡಿಯವರನ್ನು ಕರೆಸುತ್ತಾರಂತೆ.”

ಕರೆಸಿದರು. ಕಾಕಾ ಒಂದು ದಿನ ಬಂದು, ಹಿರಿಯರ ಜೊತೆ ಕೂತು, ಉಪ್ಪಿನ ಚಹಾ ಕುಡಿದು, ಕೈಮುಗಿದರು. ಕೆಲಸಕ್ಕೆ ಮಾತ್ರ ಒಪ್ಪಲಿಲ್ಲ. “ಒಮ್ಮೆ ಮಕ್ಕಳು ನನ್ನ ನೋಡಿ ಒಳಗ ಓಡಿದ್ದು ಕಣ್ಣಾಗ ಐತ್ರಿ” ಎಂದು ನನಗೆ ಹೇಳಿ, ಹಳಿಯಾಳದ ಕಡೆ ಕಟ್ಟಿಗೆಯ ಕೆಲಸ ಸಿಕ್ಕಿದೆ ಎಂದು ಹೋದರು. ಮತ್ತೆ ಅವರನ್ನು ನೋಡಲಿಲ್ಲ.

ಮುಂದಿನ ವರ್ಷ ಮಳೆಗೆ ಮೊದಲೇ ಡೇರೆಗಳ ಬದಲು ಗೋಡೆಯ ಮನೆಗಳೆದ್ದವು, ಮರಗಳಿಂದ ದೂರ. ಆದರೂ ಹುಳು ಬಂದವು. ಈ ಸಲ ಬೆಂಕಿಯ ಮಾತು ಯಾರೂ ಎತ್ತಲಿಲ್ಲ. ಗಂಡಸರು ತೋಳು ಮುಚ್ಚುವ ಅಂಗಿ ತೊಟ್ಟು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಮಳೆ ನಿಂತ ಕೂಡಲೇ ಉದ್ದ ಕೋಲಿನ ಪೊರಕೆಯಿಂದ ಹುಳುಗಳನ್ನು ಬುಟ್ಟಿಗೆ ಇಳಿಸಿ ಹಳ್ಳದಾಚೆ ಒಯ್ದರು. ಬಂದವರು ಬಟ್ಟೆ ಬಿಚ್ಚಿ ಕುದಿಯುವ ನೀರಿಗೆ ಹಾಕಿ, ಸ್ನಾನ ಮಾಡಿಯೇ ಮಕ್ಕಳನ್ನು ಮುಟ್ಟುವ ಕಟ್ಟಳೆ ಮಾಡಿದೆ. ಯಾರಿಗಾದರೂ ಹಿಂದಿನ ಸಲಕ್ಕಿಂತ ಹೆಚ್ಚು ಬಾವು ಬಂದರೆ, ಮುಟ್ಟದ ಜಾಗದಲ್ಲಿ ಗಾದರಿ ಎದ್ದರೆ, ಅವರನ್ನು ಆ ಕೆಲಸದಿಂದ ಬಿಡಿಸುತ್ತಿದ್ದೆ. ತುಟಿ ಊದಿದ ಒಬ್ಬ ಹೆಂಗಸನ್ನು ಸೂಜಿ ಕೊಟ್ಟ ಮೇಲೂ ಬೆಳಗಿನಿಂದ ಕತ್ತಲಾಗುವವರೆಗೆ ಬೆಂಚಿನಿಂದ ಏಳಗೊಡಲಿಲ್ಲ. ಅವಳು ಗೊಣಗಿದಳು, ಬೈದಳು. ಏನೂ ಆಗದೆ ಮನೆಗೆ ಹೋದಳು. ಕಪಾಟಿನಲ್ಲಿ ಈಗ ಆರು ಸೀಸೆ ಇದ್ದವು.

ಜನ ಔಷಧಿಗೆ ಬಂದರು, ಹೇಳಿದ್ದನ್ನು ಕೇಳಿದರು, ಕೈಮುಗಿದು ಹೋದರು. ದುಭಾಷಿಯೂ ಕೆಲಸಕ್ಕೆ ತಪ್ಪದೆ ಬರುತ್ತಿದ್ದ. ರೋಗಿಗಳ ಮಾತು ಬಿಟ್ಟು ಬೇರೆ ಮಾತು ನಮ್ಮಿಬ್ಬರ ನಡುವೆ ಉಳಿದಿರಲಿಲ್ಲ. ಒಂದು ಸಲ ಮಾತ್ರ, ಬಾಗಿಲು ಹಾಕುವ ಹೊತ್ತಿನಲ್ಲಿ, “ಅಂದು ನೀವು ಹೇಳದಿದ್ದರೆ ಚೆನ್ನಾಗಿತ್ತು” ಎಂದ. “ಅಮ್ಮನಿಗೆ ಹೇಳಿದ ಸುಳ್ಳು ಎಲ್ಲರಿಗೂ ಗೊತ್ತಾಯಿತು.” ನಾನು ಕಪಾಟಿಗೆ ಬೀಗ ಹಾಕಿ ದೀಪ ಆರಿಸಿದೆ. 

ಆ ಮಳೆಗಾಲ ಮುಗಿಯುತ್ತಲೇ ಜೋಯಿಡಾದ ಕಡೆಗೆ ವರ್ಗವಾಯಿತು. ಹೊರಡುವ ದಿನ ಬಸ್ಸಿನವರೆಗೆ ನನ್ನ ಟ್ರಂಕು ಹೊತ್ತು ತಂದವನು ಅವನೇ. ಬಸ್ಸು ಬರುವವರೆಗೆ ಇಬ್ಬರೂ ರಸ್ತೆಯ ಬದಿ ನಿಂತಿದ್ದೆವು. ಟ್ರಂಕನ್ನು ಮೇಲೆ ಹಾಕಿ, ಹಗ್ಗ ಬಿಗಿದು, ಕೆಳಗಿಳಿದು, ಸರಿ ಎನ್ನುವಂತೆ ತಲೆಯಾಡಿಸಿದ. ನಾನು ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡುವ ಮೊದಲೇ ಅವನು ತಿರುಗಿ ನಡೆಯತೊಡಗಿದ್ದ.